ನೆರೆಮನೆಯ ನಿವೃತ್ತರು

'ನಿವೃತ್ತಿ' ಎಂಬ ಮಾತು ಬಹು ಹಿರಿಯ ಮನೆತನದ್ದು. ವೇದಾಂತಿಗಳ ಬಾಯಲ್ಲಿ ಅದು ಪ್ರವೃತ್ತಿಗೆ ಎದುರಾದ ಮಾರ್ಗ. ಲೋಕದ ಕಡೆಗೆ ಓಡುವ ಮನಸ್ಸನ್ನು ಹಿಂದಕ್ಕೆ ತಿರುಗಿಸಿಕೊಳ್ಳುವ ಸಾಧನೆ. ಅಂಥ ಮಾತನ್ನು ನಮ್ಮ ಕಚೇರಿಗಳು ಎರವಲು ತಂದು, ಅದಕ್ಕೊಂದು ಮೊಹರು ಒತ್ತಿ, ವಯಸ್ಸು ತುಂಬಿದವರ ಕೈಗೆ ಒಂದು ಹಾರ, ಒಂದು ಶಾಲು, ಒಂದು ಗೋಡೆ ಗಡಿಯಾರದೊಡನೆ ಕೊಟ್ಟು ಕಳುಹಿಸುತ್ತವೆ. ಇನ್ನು ಮೇಲೆ ಹೊತ್ತಿಗೆ ಸರಿಯಾಗಿ ಎಲ್ಲಿಗೂ ಹೋಗಬೇಕಾಗಿಲ್ಲದವನಿಗೆ ಗಡಿಯಾರವನ್ನೇ ಏಕೆ ಕೊಡುತ್ತಾರೋ, ಬಲ್ಲವರು ಹೇಳಬೇಕು.

ನಮ್ಮ ತಂದೆಯವರು ಪ್ರಾಥಮಿಕ ಶಾಲೆಯ ಉಪಾಧ್ಯಾಯರಾಗಿದ್ದವರು. ಅವರ ಕಾಲಕ್ಕೆ ಐವತ್ತೆಂಟಕ್ಕೇ ನಿವೃತ್ತಿ. ಆಮೇಲೂ ಅವರು ಒಂಬತ್ತೂವರೆಗೆಲ್ಲ ಸ್ನಾನ ಊಟ ಮುಗಿಸಿ, ಒಗೆದ ಅಂಗಿ ತೊಟ್ಟು, ಜಗಲಿಯ ಮೇಲೆ ಬಂದು ಕೂತುಕೊಳ್ಳುತ್ತಿದ್ದರು. ಶಾಲೆಯ ಗಂಟೆ ನಮ್ಮ ಮನೆಗೆ ಕೇಳಿಸುತ್ತಿತ್ತು. ಅದು ಬಾರಿಸಿದಾಗ ಅವರ ಕಾಲು ಕೊಂಚ ಅಲುಗಾಡುತ್ತಿತ್ತು, ಏಳುತ್ತಿರಲಿಲ್ಲ. ಹೀಗೆ ನಾಲ್ಕು ವರ್ಷ ಕುಳಿತಿದ್ದು ಅವರು ತೀರಿಕೊಂಡರು. ವೈದ್ಯರು ಅವರ ಕಾಯಿಲೆಗೆ ಏನೋ ಹೆಸರು ಹೇಳಿದರು. ಯಾರೂ ಕರೆಯದಿರುವುದೇ ಕಾಯಿಲೆ ಎಂದು ನಮ್ಮ ತಾಯಿ ಹೇಳಿದರು. ನನಗೆ ಇನ್ನು ಹದಿಮೂರು ವರ್ಷದ ಸೇವೆ ಉಳಿದಿದೆ. ಆದ್ದರಿಂದ ನಿವೃತ್ತರನ್ನು ಕಂಡಾಗಲೆಲ್ಲ ನಾನು, ಮುಂದಿನ ತರಗತಿಯ ಪ್ರಶ್ನಪತ್ರಿಕೆಯನ್ನು ಇಣುಕಿ ನೋಡುವ ಹುಡುಗನಂತೆ, ಅವರ ದಿನಚರಿಯನ್ನು ಗಮನಿಸುವುದುಂಟು.

ಮೈಸೂರಿನ ನಮ್ಮ ಬೀದಿಯಲ್ಲಿ, ನಮ್ಮ ಮನೆಗೆ ಎರಡು ಮನೆ ಆಚೆ, ಅಂಥವರೊಬ್ಬರಿದ್ದಾರೆ. ಅಂಚೆ ಇಲಾಖೆಯಲ್ಲಿ ಮೂವತ್ತೊಂಬತ್ತು ವರ್ಷ ದುಡಿದವರು, ಈಗ ಎಪ್ಪತ್ತೆರಡು. ಹೆಂಡತಿ ಹೋಗಿ ಆರು ವರ್ಷವಾಯಿತು. ಮಗಳು ದೂರದ ಊರಿನಲ್ಲಿದ್ದಾಳೆ. ಬೆಳಗ್ಗೆ ಐದೂವರೆಗೆ ಅವರ ಮನೆಯ ಗೇಟು ಕಿರುಗುಟ್ಟುತ್ತದೆ. ನಮ್ಮ ಮನೆಯಲ್ಲಿ ಹಾಲಿಗೆ ಹೋಗುವ ಹೊತ್ತು ಗೊತ್ತಾಗುವುದು ಅದರಿಂದಲೇ. ಅವರು ನಡೆದು ಹೋಗುವುದು ಬಡಾವಣೆಯ ಪುಟ್ಟ ಚರ್ಚಿಗೆ. ಬಾಗಿಲು ತೆಗೆಯುವುದು, ಬೆಂಚುಗಳ ಧೂಳು ಒರೆಸುವುದು, ಹಿಂದಿನ ದಿನದ ಬಾಡಿದ ಹೂವನ್ನು ತೆಗೆದು ಹೊಸ ನೀರು ಹಾಕುವುದು, ಗಂಟೆ ಹೊಡೆಯುವುದು, ಎಲ್ಲವೂ ಸಂಬಳವಿಲ್ಲದ ಕೆಲಸ. ಬುಧವಾರ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಾರೆ. ಡಿಸೆಂಬರು ಬಂದರೆ ಹುಡುಗರನ್ನು ಸೇರಿಸಿಕೊಂಡು ಹುಲ್ಲು ಹೊದಿಸಿ ಗೋದಲಿ ಕಟ್ಟುತ್ತಾರೆ. ಒಂಬತ್ತು ವರ್ಷದ ಹುಡುಗನಾಗಿದ್ದಾಗ ಪೀಠದ ಬಳಿ ನಿಂತು, ಅರ್ಥ ತಿಳಿಯದ ಲ್ಯಾಟಿನ್ ಉತ್ತರಗಳನ್ನು ಬಾಯಿಪಾಠ ಒಪ್ಪಿಸುತ್ತಿದ್ದರಂತೆ. 1962ರಿಂದ 1965ರವರೆಗೆ ನಡೆದ ವ್ಯಾಟಿಕನ್ ಮಹಾಸಭೆಯ ತರುವಾಯ ಪೂಜೆ ಕನ್ನಡಕ್ಕೆ ಬಂತು. 'ಅಲ್ಲಿಯವರೆಗೆ ದೇವರಿಗೆ ಮಾತ್ರ ತಿಳಿಯುತ್ತಿತ್ತು. ಆಮೇಲೆ ನನಗೂ ತಿಳಿಯಿತು' ಎಂದು ನಗುತ್ತಾರೆ.

ಇದು ಅವರ ದಿನದ ಒಂದು ಭಾಗ. ಇನ್ನೊಂದು ಭಾಗ ಅವರ ಹೆಗಲಿನಿಂದ ಜೋತಾಡುತ್ತಿರುತ್ತದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಕೊಂಡದ್ದು ಒಂದು ಅಗ್ಫಾ ಕ್ಲಿಕ್ ಕ್ಯಾಮೆರಾ. ಒಂದು ಸುರುಳಿಗೆ ಹನ್ನೆರಡೇ ಚಿತ್ರ. ಆ ಕಾಲದಲ್ಲಿ ನಮ್ಮ ದೇಶದ್ದೇ ಆದ ಫಿಲ್ಮು ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಕಾರ್ಖಾನೆಯಿಂದ ಬರುತ್ತಿತ್ತು. 1967ರಲ್ಲಿ ಅಲ್ಲಿ ತಯಾರಿಕೆ ಆರಂಭವಾಯಿತು, ಈಗ ಆ ಕಾರ್ಖಾನೆ ಮುಚ್ಚಿಹೋಗಿದೆ. ಅದರ ಹೆಸರು 'ಇಂದು'. ಕನ್ನಡದ ಮೇಷ್ಟರಾದ ನನಗೆ ಈ ಹೆಸರು ಕೇಳಿ ಬಹಳ ಸಂತೋಷವಾಯಿತು. ಸಂಸ್ಕೃತದಲ್ಲಿ ಅದು ಚಂದ್ರ. ಕನ್ನಡದಲ್ಲಿ ಈ ಹೊತ್ತಿನ ದಿನ. ಛಾಯಾಚಿತ್ರಕ್ಕೆ ಇದಕ್ಕಿಂತ ಒಪ್ಪುವ ಹೆಸರನ್ನು ಯಾವ ಪಂಡಿತ ಇಟ್ಟಾನು! ಇಂದನ್ನು ಹಿಡಿದಿಡುವುದೇ ಅದರ ಕೆಲಸವಲ್ಲವೆ?

ಈಗ ಅವರ ಬಳಿ ಇರುವುದು ಸುರುಳಿಯಿಲ್ಲದ ಕ್ಯಾಮೆರಾ. ಸಾವಿರ ಚಿತ್ರ ತೆಗೆದರೂ ಕೇಳುವವರಿಲ್ಲ. ಆದರೆ ಹನ್ನೆರಡರ ಲೆಕ್ಕ ಅವರ ಬೆರಳಿಗೆ ಅಂಟಿಕೊಂಡುಬಿಟ್ಟಿದೆ. ದಿನಕ್ಕೆ ಹನ್ನೆರಡಾದ ಮೇಲೆ ಕ್ಯಾಮೆರಾ ಚೀಲಕ್ಕೆ ಹೋಗುತ್ತದೆ. 1933ರಲ್ಲಿ ಅಸ್ತಿಭಾರ ಹಾಕಿದ ಸಂತ ಫಿಲೋಮಿನಾ ಚರ್ಚಿನ 175 ಅಡಿಯ ಜೋಡಿ ಗೋಪುರಗಳನ್ನು ನೋಡಲು ಎಲ್ಲೆಲ್ಲಿಂದಲೋ ಜನ ಬಂದು, ಅದಕ್ಕೆ ಬೆನ್ನು ಹಾಕಿ ನಿಂತು ತಮ್ಮ ಚಿತ್ರವನ್ನು ತಾವೇ ತೆಗೆದುಕೊಂಡು ಹೋಗುತ್ತಾರೆ. ನಮ್ಮವರು ಗೋಪುರದ ಗೊಡವೆಗೆ ಹೋಗುವುದಿಲ್ಲ. ಅವರಿಗೆ ಬೇಕಾದದ್ದು ಮುಖ. ಅದೂ ಬೀದಿಯ ಮುಖ. ಸೊಪ್ಪಿನವಳು, ಹಳೆಯ ಪೇಪರಿನವನು, ಇಸ್ತ್ರಿ ಗಾಡಿಯ ದಂಪತಿಗಳು, ಚರ್ಚಿನ ಮೆಟ್ಟಿಲ ಮೇಲೆ ಮೇಣದಬತ್ತಿ ಮಾರುವ ಮುದುಕ. ಮೈಸೂರಿನವರೇ ಆದ ಟಿ. ಎಸ್. ಸತ್ಯನ್ ಅವರು 2009ರಲ್ಲಿ ತೀರಿಕೊಳ್ಳುವವರೆಗೂ ಸಾಮಾನ್ಯ ಜನರ ಬದುಕನ್ನೇ ತಮ್ಮ ಚಿತ್ರಗಳಿಗೆ ವಸ್ತು ಮಾಡಿಕೊಂಡಿದ್ದರು. ಅವರ ಚಿತ್ರಗಳನ್ನು ನೋಡಿ ತಾನು ಕಣ್ಣು ತೆರೆದದ್ದು ಎಂದು ನಮ್ಮವರು ಹೇಳುತ್ತಾರೆ.

ಚಿತ್ರ ತೆಗೆಯುವವರು ಇಂದು ಬೇಕಾದಷ್ಟು ಮಂದಿ. ಇವರ ವಿಶೇಷ ಮುಂದಿನ ಹೆಜ್ಜೆಯಲ್ಲಿದೆ. ತಿಂಗಳಿಗೊಮ್ಮೆ ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಹಾಕಿಸಿ, ಹಿಂಬದಿಯಲ್ಲಿ ತಾರೀಖು ಬರೆದು, ಲಕೋಟೆಗೆ ಹಾಕಿ, ಯಾರ ಮುಖವೋ ಅವರ ಕೈಗೇ ತಲುಪಿಸಿ ಬರುತ್ತಾರೆ. ಇದಕ್ಕೆ ಪಿಂಚಣಿಯಲ್ಲಿ ಒಂದು ಪಾಲು ಹೋಗುತ್ತದೆ. 'ಫೋನಿಗೇ ಕಳಿಸಿಬಿಡಬಹುದಲ್ಲ' ಎಂದು ಒಮ್ಮೆ ಕೇಳಿದೆ. ಅವರೆಂದರು: 'ಮುಟ್ಟದ ಕಾಗದ ಕಾಗದವೇ ಅಲ್ಲ ಸ್ವಾಮಿ. ಬಟವಾಡೆಯಾದ ಮೇಲೆ ನನ್ನ ಕೆಲಸ ಮುಗಿಯಿತು.' ಅವರ ಚಿತ್ರಗಳು ಬೀದಿಯ ಎಷ್ಟೋ ಮನೆಗಳಲ್ಲಿ ದೇವರ ಪಟದ ಪಕ್ಕಕ್ಕೆ ಸೇರಿವೆ. ಕೆಲವಕ್ಕೆ ಹಾರವೂ ಬಿದ್ದಿದೆ.

ಅವರಿಗೆ ಅತ್ಯಂತ ಕೆಲಸವಿರುವ ತಿಂಗಳು ನವೆಂಬರು. ಕಥೋಲಿಕರಿಗೆ ಅದು ಮೃತರ ತಿಂಗಳು. ಎರಡನೆಯ ತಾರೀಖು ಸಕಲ ಮೃತರ ಸ್ಮರಣೆಯ ದಿನ. ಸಮಾಧಿಗಳನ್ನು ತೊಳೆದು, ಚೆಂಡುಹೂವಿಟ್ಟು, ಮೇಣದಬತ್ತಿ ಹಚ್ಚುತ್ತಾರೆ. ಹಿಂದಿನ ವಾರವೆಲ್ಲ ನಮ್ಮವರು ಅಲ್ಲಿ ಕಳೆ ಕೀಳುತ್ತಿರುತ್ತಾರೆ. ಅಂದು ಸಂಜೆಯ ಹನ್ನೆರಡು ಚಿತ್ರ ಅಲ್ಲಿಗೇ ಮೀಸಲು.

ಸರ್ಕಾರಕ್ಕೆ ಅದೇ ನವೆಂಬರು ಬದುಕಿರುವವರ ತಿಂಗಳು. ಪಿಂಚಣಿ ಪಡೆಯುವ ಕೇಂದ್ರದ ನೌಕರರು ಪ್ರತಿ ವರ್ಷ ಆ ತಿಂಗಳಲ್ಲಿ ತಾವಿನ್ನೂ ಜೀವಂತವಾಗಿದ್ದೇವೆಂದು ಪ್ರಮಾಣಪತ್ರ ಒಪ್ಪಿಸಬೇಕು. ಎಂಬತ್ತು ದಾಟಿದವರಿಗೆ ಅಕ್ಟೋಬರಿನಿಂದಲೇ ಅವಕಾಶವುಂಟು. ಒಪ್ಪಿಸದಿದ್ದರೆ ಹಣ ನಿಲ್ಲುತ್ತದೆ. ಹಿಂದೆ ಬ್ಯಾಂಕಿನ ಕಟಕಟೆಯ ಮುಂದೆ ಕೋಲೂರಿಕೊಂಡು ಸಾಲು ನಿಲ್ಲುತ್ತಿದ್ದರು. 2014ರಲ್ಲಿ ಬೆರಳಚ್ಚಿನಿಂದ ಆಗುವ 'ಜೀವನ್ ಪ್ರಮಾಣ್' ಬಂತು. ಆದರೆ ಪಾತ್ರೆ ತಿಕ್ಕಿ, ಬಟ್ಟೆ ಒಗೆದು, ನೆಲ ಸಾರಿಸಿ ಸವೆದ ಬೆರಳಿನಲ್ಲಿ ಯಂತ್ರಕ್ಕೆ ಗೆರೆಯೇ ಕಾಣದು. 2021ರಲ್ಲಿ ಮುಖವನ್ನೇ ತೋರಿಸುವ ಕ್ರಮ ಬಂತು: ಫೋನಿನ ಮುಂದೆ ಕೂತು, ಅದು ಹೇಳಿದಾಗ ರೆಪ್ಪೆ ಬಡಿಯಬೇಕು. ಭಾವಚಿತ್ರವನ್ನು ಹಿಡಿದು ಮೋಸ ಮಾಡುತ್ತಿಲ್ಲ, ಜೀವವಿರುವ ಮುಖವೇ ಎಂದು ಅದಕ್ಕೆ ಗೊತ್ತಾಗುವುದು ಹಾಗೆ.

ಭಾನುವಾರದ ಪೂಜೆ ಮುಗಿದ ಮೇಲೆ ಚರ್ಚಿನ ಪಕ್ಕದ ಕೋಣೆಯಲ್ಲಿ ನಮ್ಮವರು ಈ ಕೆಲಸಕ್ಕೆ ಕೂರುತ್ತಾರೆ. ಯಾರು ಬೇಕಾದರೂ ಬರಬಹುದು. ಜಾತಿ ಮತದ ವಿಚಾರಣೆಯಿಲ್ಲ. 'ಐವತ್ತು ವರ್ಷ ಎಲ್ಲರಿಗೂ ರೆಪ್ಪೆ ಬಡಿಯಬೇಡಿ ಎಂದು ಹೇಳಿದೆ. ಈಗ ರೆಪ್ಪೆ ಬಡಿಯಿರಿ ಎಂದು ಗೋಗರೆಯುವಂತಾಯಿತು' ಎಂದು ಅವರ ವಿನೋದ.

ಕಳೆದ ನವೆಂಬರಿನಲ್ಲಿ, ನಮ್ಮ ಬೀದಿಯ ಕೊನೆಯ ಮನೆಯ ಅಜ್ಜಿಯನ್ನು ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಅವರ ಯಜಮಾನರು ರೈಲ್ವೆಯಲ್ಲಿದ್ದವರು. ಕುಟುಂಬ ಪಿಂಚಣಿಯೊಂದೇ ಅಜ್ಜಿಗೆ ಆಧಾರ. ಬಾಡಿಗೆ, ಔಷಧಿ, ಅಕ್ಕಿ ಎಲ್ಲವೂ ಅದರಲ್ಲೇ. ಬೆರಳಚ್ಚು ಎರಡು ಕಡೆ ಸೋತಿತ್ತು. ಫೋನೂ ಮೂರು ಸಲ ಒಲ್ಲೆನೆಂದಿತು. ಅಜ್ಜಿ ಮೂರನೆಯ ಸಲಕ್ಕೆ ನನ್ನ ಕಡೆ ತಿರುಗಿ, 'ಹಾಗಾದರೆ ನಾನು ಇಲ್ಲವೇನಪ್ಪಾ?' ಎಂದರು. ಅವರು ಹಾಸ್ಯಕ್ಕೆ ಹೇಳಲಿಲ್ಲ. ಕೈ ನಡುಗುತ್ತಿತ್ತು. ಕೋಣೆಯಲ್ಲಿದ್ದವರು ಯಾರೂ ನಗಲಿಲ್ಲ.

ನಮ್ಮವರು ಫೋನನ್ನು ಕೆಳಗಿಟ್ಟರು. ಅಜ್ಜಿಯ ಕುರ್ಚಿಯನ್ನು ಎತ್ತಿ ಕಿಟಕಿಯ ಬಳಿಗೆ ಒಯ್ದರು. ನೇರ ಬಿಸಿಲು ಬೀಳದಂತೆ ಒಂದು ಬಾಗಿಲನ್ನು ಅರ್ಧ ಮುಚ್ಚಿದರು. ಎದುರಿಗೆ ಪೀಠದ ಬಿಳಿಯ ವಸ್ತ್ರವೊಂದನ್ನು ಕುರ್ಚಿಯ ಮೇಲೆ ಹರಡಿ, ಬೆಳಕು ಮೇಲಕ್ಕೆ ಚಿಮ್ಮಿ ಕಣ್ಣಿನ ಗುಳಿಗಳನ್ನು ತುಂಬುವಂತೆ ಮಾಡಿದರು. ಆಮೇಲೆ ಹಿಂದಿನ ದಿನ ತಿಂದದ್ದೇನು, ಮೊಮ್ಮಗಳು ಯಾವ ತರಗತಿ, ಎಂದೆಲ್ಲ ಮಾತಿಗೆಳೆದರು. ನಡುಕ ನಿಂತಿತು. ಅಜ್ಜಿ ರೆಪ್ಪೆ ಬಡಿದರು, ಫೋನು ಒಪ್ಪಿತು. ಸರ್ಕಾರದ ಪಾಲಿಗೆ ಅಜ್ಜಿ ಇನ್ನೊಂದು ವರ್ಷ ಬದುಕಿದರು.

'ಇನ್ನೊಂದು ನನಗೆ' ಎಂದು ಅವರು ತಮ್ಮ ಕ್ಯಾಮೆರಾ ತೆಗೆದರು. ಅಜ್ಜಿಗೆ ಪಾಠ ಚೆನ್ನಾಗಿ ಹತ್ತಿತ್ತು. ಇದಕ್ಕೂ ಠೀವಿಯಿಂದ ಕಣ್ಣು ಮುಚ್ಚಿದರು. ಮತ್ತೊಂದು ತೆಗೆಯಲು ಅವರು ಹೋಗಲಿಲ್ಲ. ಮುಂದಿನ ತಿಂಗಳು ಆ ಚಿತ್ರವೇ ಲಕೋಟೆಯಲ್ಲಿ ಅಜ್ಜಿಗೆ ತಲುಪಿತು. ಕಣ್ಣು ಮುಚ್ಚಿದ, ಬೆಳಕು ತುಂಬಿದ ಮುಖ. 'ರಾಮಾ ಅನ್ನುವಾಗ ಹಿಡಿದಿದ್ದಾರೆ' ಎಂದು ಅಜ್ಜಿ ಎಲ್ಲರಿಗೂ ತೋರಿಸಿದರು.

ಮಧ್ಯಾಹ್ನ ಮೂರರಿಂದ ನಾಲ್ಕರವರೆಗೆ ನಮ್ಮವರು ಚರ್ಚಿನ ಅಂಗಳದ ಕಲ್ಲುಬೆಂಚಿನ ಮೇಲೆ ಸುಮ್ಮನೆ ಕೂತಿರುತ್ತಾರೆ. ಕೈಯಲ್ಲಿ ಜಪಸರವೂ ಇಲ್ಲ, ಪತ್ರಿಕೆಯೂ ಇಲ್ಲ. ನನ್ನ ತಂದೆಯವರೂ ಹೀಗೆಯೇ ಕೂರುತ್ತಿದ್ದರಲ್ಲ ಎಂದು ನನಗೆ ಅಳುಕು. ಒಂದು ದಿನ ಪಕ್ಕದಲ್ಲಿ ಕೂತು, ಏನು ಯೋಚಿಸುತ್ತೀರಿ ಎಂದು ಕೇಳಿಯೇಬಿಟ್ಟೆ. 'ಯೋಚನೆ ಇಲ್ಲ, ವಿಂಗಡಣೆ' ಎಂದರು. 'ದಿನದ ಟಪಾಲು. ಇದು ಮಗಳಿಗೆ ಹೇಳಬೇಕಾದದ್ದು, ಇದು ಫಾದರಿಗೆ ಹೇಳಬೇಕಾದದ್ದು, ಇದು ಯಾರಿಗೂ ಹೇಳಬಾರದ್ದು. ಕೆಲವು ಅವಳಿಗೆ ಹೇಳಬೇಕಾದವು ಬರುತ್ತವೆ. ವಿಳಾಸದಾರರಿಲ್ಲ. ಹಿಂದೆ ಇಲಾಖೆಯಲ್ಲಿ ಅಂಥವನ್ನೆಲ್ಲ ಡೆಡ್ ಲೆಟರ್ ಆಫೀಸಿಗೆ ಕಳಿಸುತ್ತಿದ್ದರು. ಆಮೇಲೆ ಹೆಸರು ಬದಲಾಯಿಸಿ ರಿಟರ್ನ್ಡ್ ಲೆಟರ್ ಆಫೀಸು ಎಂದರು. ಒಳ್ಳೆಯದು ಮಾಡಿದರು.' ಹೀಗೆಂದು ಚರ್ಚಿನ ತೆರೆದ ಬಾಗಿಲ ಕಡೆ ಒಮ್ಮೆ ನೋಡಿ ಸುಮ್ಮನಾದರು. ನಾನೂ ಸುಮ್ಮನಾದೆ.

ಹೊರಗಿನಿಂದ ನೋಡುವವರಿಗೆ ಜಗಲಿಯೂ ಕಲ್ಲುಬೆಂಚೂ ಒಂದೇ. ತಂದೆಯವರು ಕೂತು ಕಾಯುತ್ತಿದ್ದರು, ಯಾರಾದರೂ ಕರೆಯಲೆಂದು. ಇವರು ಕೂರುವುದು ಬೆಳಗಿನಿಂದ ಹತ್ತು ಮಂದಿಯನ್ನು ತಾವೇ ಕರೆದು ಮಾತಾಡಿಸಿ ಬಂದ ಮೇಲೆ. ತಂದೆಯವರನ್ನು ನಾನು ದೂಷಿಸಲಾರೆ. ಅವರ ಕೈಗೆ ಶಾಲು ಕೊಟ್ಟವರು ಯಾರೂ ಇದನ್ನು ಹೇಳಿಕೊಟ್ಟಿರಲಿಲ್ಲ. ವೃತ್ತಿ ಹೋದರೂ ಅದರಲ್ಲಿ ಕಲಿತ ಹದ ಉಳಿಯುತ್ತದೆ. ಅದನ್ನು ಬಟವಾಡೆ ಮಾಡುವುದಕ್ಕೆ ಸರ್ಕಾರದ ಅಪ್ಪಣೆ ಬೇಕಿಲ್ಲ.

ಕನ್ನಡ ಮೇಷ್ಟರ ಕೈಯಲ್ಲಿ ಉಳಿಯುವ ಹದ ಯಾವುದು ಎಂದು ನಾನೀಗ ಲೆಕ್ಕ ಹಾಕುತ್ತಿದ್ದೇನೆ. ಓದಲು ಬಾರದವರಿಗೆ ಕಾಗದ ಓದಿ ಹೇಳಬಹುದು, ಅರ್ಜಿ ಬರೆದುಕೊಡಬಹುದು. ಸಮಾಧಿಗಲ್ಲುಗಳ ಮೇಲಿನ ಅಳಿಸುತ್ತಿರುವ ಹಳೆಯ ಕನ್ನಡ ಅಕ್ಷರಗಳನ್ನು ಓದಿ ಬರೆದಿಡಲು ಒಬ್ಬರು ಬೇಕು ಎಂದು ನಮ್ಮವರು ಆಗಲೇ ಹೇಳಿದ್ದಾರೆ. ಅದಕ್ಕೆ ಹದಿಮೂರು ವರ್ಷ ಕಾಯಬೇಕಾಗಿಲ್ಲವಂತೆ. ಶನಿವಾರ ಮಧ್ಯಾಹ್ನ ಬಂದರೆ ಸಾಕಂತೆ.