ಫಾದರ್ ಹತ್ರ ಹೇಳಿದ್ರೆ ಆಯ್ತಾ?

ಹೊಳೆದಂಡೆಯಲ್ಲಿ ಕೂತಿದ್ದಾಗ ಗೆಳೆಯನೊಬ್ಬ ತಮಾಷೆಗೆ, "ನಾವು ತುಂಗೆಯಲ್ಲಿ ಮುಳುಗು ಹಾಕ್ತೀವಿ, ನೀವು ಫಾದರ್ ಹತ್ರ ಹೇಳ್ತೀರಿ. ಎರಡೂ ಸುಲಭ ಬಿಡು" ಅಂದ. ನಾನೂ ನಕ್ಕೆ. ಆದರೆ ಆಗ ನನ್ನ ಹೊಟ್ಟೆಯಲ್ಲಿ ಒಂದು ಗುಟ್ಟಿತ್ತು.

ಅಡಿಕೆ ಕೊಯ್ಲಿನ ಸಮಯದಲ್ಲಿ ಪಕ್ಕದ ತೋಟದ ಮನೆಯವರು ಅಂಗಳದಲ್ಲಿ ಒಣಹಾಕಿದ್ದ ಅಡಿಕೆಯನ್ನು ನಾನು ಶಾಲೆ ಚೀಲಕ್ಕೆ ತುಂಬಿಕೊಂಡಿದ್ದೆ. ಮಾರಿದ್ದಕ್ಕೆ ನೂರೈವತ್ತು ರೂಪಾಯಿ ಬಂತು. ಬಾಲು, ಪಪ್ಸು ಅಂತ ಎರಡೇ ದಿನಕ್ಕೆ ಮುಗಿಯಿತು. ತಪ್ಪು ಬಂದದ್ದು ಅಡಿಕೆ ಸುಲಿಯಲು ಬರುತ್ತಿದ್ದ ಅಕ್ಕನ ಮೇಲೆ. ನಾಳೆಯಿಂದ ಬರಬೇಡ ಅಂದರಂತೆ.

ನಮ್ಮ ಕ್ರೈಸ್ತರಲ್ಲಿ ಈಸ್ಟರ್ ಹಬ್ಬಕ್ಕೆ ಮುಂಚೆ 40 ದಿನ ತಪಸ್ಸು ಕಾಲ. ಬೂದಿ ಬುಧವಾರ ಅದು ಶುರು. ಹಿಂದಿನ ವರ್ಷದ ಗರಿಗಳ ಹಬ್ಬದ ಗರಿ ಸುಟ್ಟ ಬೂದಿಯನ್ನು ಹಣೆಗೆ ಹಚ್ಚುತ್ತಾರೆ. ಮಾಂಸ ಬಿಡುತ್ತೇವೆ. (ಮೀನೂ ಬಿಡಬೇಕು ಅನ್ನುವುದು ನಮ್ಮ ಅಜ್ಜಿಯ ಕಾನೂನು.) ಹಬ್ಬದೊಳಗೆ ಪಾಪನಿವೇದನೆ ಮಾಡಬೇಕು. ನಾನು ಕೊಪ್ಪಕ್ಕೆ ಹೋಗಿ ಫಾದರ್ ಹತ್ತಿರ ಎಲ್ಲಾ ಹೇಳಿದೆ, ಅತ್ತೆ ಕೂಡ. ಇನ್ನು ಮುಗಿಯಿತು ಅಂದುಕೊಂಡಿದ್ದೆ.

"ದೇವರು ಕ್ಷಮಿಸ್ತಾರೆ ಮಗು. ಆದ್ರೆ ಅಡಿಕೆ ದುಡ್ಡು ವಾಪಸ್ ಹೋಗಿಲ್ಲ, ಆ ಅಕ್ಕನ ಹೆಸರೂ ವಾಪಸ್ ಬಂದಿಲ್ವಲ್ಲ" ಅಂದರು.

"ನೀವೇ ಒಂದು ಮಾತು ಹೇಳ್ಬಿಡಿ ಫಾದರ್."

"ಇಲ್ಲಿ ಕೇಳಿದ್ದನ್ನ ನಾನು ಯಾರಿಗೂ ಹೇಳೋ ಹಾಗಿಲ್ಲ. ನೀನೇ ಹೇಳ್ಬೇಕು."

ಬೈಬಲಿನಲ್ಲಿ ಜಕ್ಕಾಯ ಅಂತ ಒಬ್ಬ ಸುಂಕದವನಿದ್ದಾನೆ, ಜೆರಿಕೋ ಊರಿನವನು. ಕುಳ್ಳ, ಯೇಸುವನ್ನು ನೋಡಲು ಮರ ಹತ್ತಿದ. ಆ ಕತೆಯಲ್ಲಿ ಅವನು ಅತ್ತದ್ದೇ ಇಲ್ಲ. ಯಾರಿಗಾದರೂ ಮೋಸ ಮಾಡಿದ್ದರೆ ನಾಲ್ಕರಷ್ಟು ಹಿಂದಕ್ಕೆ ಕೊಡ್ತೀನಿ ಅಂತ ಲೆಕ್ಕ ಹೇಳಿದ. ಪಶ್ಚಾತ್ತಾಪಕ್ಕೆ ಮಾನಸಾಂತರ ಅಂತಲೂ ಅನ್ನುತ್ತಾರೆ, ಅಂದರೆ ಮನಸ್ಸೇ ಬೇರೆಯಾಗುವುದು. ಬರೀ ಬೇಜಾರು ಮಾಡಿಕೊಂಡರೆ ಅದಲ್ಲ. ಬೇಜಾರು ನನಗೆ ಮೊದಲ ದಿನದಿಂದಲೇ ಇತ್ತು, ಆದರೂ ಪಪ್ಸು ತಿಂದಿದ್ದೆನಲ್ಲ!

ಬಸ್ಸಿಳಿದವನು ಮನೆಗೆ ಹೋಗದೆ ತೋಟದ ಮನೆಗೆ ಹೋದೆ. ಗೇಟಿನ ಹತ್ತಿರ ಎರಡು ಸಲ ಹಿಂದೆ ತಿರುಗಿದೆ. ಹೇಳಿದಾಗ ಯಜಮಾನರು ಬೈಯಲಿಲ್ಲ. ತುಂಬಾ ಹೊತ್ತು ಸುಮ್ಮನಿದ್ದು, "ಅವಳಿಗೆ ಏನಂತ ಹೇಳಲಿ?" ಅಂದರು. ಮರುದಿನ ಅವರೇ ಹೋಗಿ ಕರೆದರು. ನಾನೂ ಹಿಂದೆ ಹೋದೆ. ಅಕ್ಕ ನನ್ನನ್ನು ನೋಡಿ, "ಎಂಟು ದಿನದ ಸುಲಿತ ಹೋಯ್ತಲ್ಲ ಮಾರಾಯ" ಅಂದಳು. ಅಷ್ಟೇ.

ಆ ಎಂಟು ದಿನದ ಕೂಲಿ ನಾನೇ ಕೊಡುವುದೆಂದು ಅಪ್ಪ ತೀರ್ಮಾನ ಮಾಡಿದ್ದಾರೆ. ಭಾನುವಾರ ಪೂಜೆ ಮುಗಿಸಿ ಬಂದು ತೋಟದ ಕೆಲಸಕ್ಕೆ ಹೋಗುತ್ತಿದ್ದೇನೆ. ಅರ್ಧ ತೀರಿದೆ.

ಇದನ್ನೆಲ್ಲ ಗೋಡೆ ಪತ್ರಿಕೆಯಲ್ಲಿ ಯಾಕೆ ಬರೆದೆ ಅಂತ ಕೇಳಬಹುದು. ಆ ಅಕ್ಕ ಕದ್ದಳಂತೆ ಅನ್ನುವ ಮಾತು ನಮ್ಮ ತರಗತಿಯಲ್ಲೂ ಬಂದಿತ್ತು. ಆವತ್ತು ನಾನೂ "ಹೌದಂತೆ" ಅಂದಿದ್ದೆ.