ಅಲ್ಲಿ ಹಿಮ, ಇಲ್ಲಿ ಮೆಣಸಿನಕಾಯಿ

ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಕಡೆಯ ನಮಗೆ ಸಮುದ್ರ ದೂರ, ಹಿಮ ಇನ್ನೂ ದೂರ. ಆದ್ರೂ ರಾಕ್‌ವೆಲ್ ಕೆಂಟ್ 1907ರಲ್ಲಿ ಬಿಡಿಸಿದ ‘ವಿಂಟರ್, ಮೊನ್ಹೀಗನ್ ಐಲ್ಯಾಂಡ್’ ಚಿತ್ರ ನಮ್ಮನ್ನ ಹಿಡಿದು ನಿಲ್ಲಿಸ್ತು. ಆರ್ಕಿಟೆಕ್ಚರ್ ಓದು ಅರ್ಧಕ್ಕೇ ಬಿಟ್ಟ ಕೆಂಟ್, 1905ರಲ್ಲಿ ಅಮೆರಿಕದ ಆ ಪುಟ್ಟ ದ್ವೀಪಕ್ಕೆ ಹೋದ. ಬೇಸಿಗೆ ಪ್ರವಾಸಿಗರು ವಾಪಸ್ ಹೋದ್ಮೇಲೂ ಉಳಿದ. ಬಡಗಿ ಕೆಲಸ ಮಾಡ್ದ, ಬಾವಿ ತೋಡಿದ. ಆ ಚಳಿ ಅವನ ಕೈಗೆ ಗೊತ್ತಿತ್ತು.

ನಮ್ಮ ಚಳಿಗಾಲ ಕೆಂಪು. ಜನವರಿ ಹೊತ್ತಿಗೆ ಬ್ಯಾಡಗಿ ಮಾರುಕಟ್ಟೆ ತುಂಬಾ ಮೆಣಸಿನಕಾಯಿ ಚೀಲ, ಗಾಳಿಯಲ್ಲೇ ಘಾಟು. ಖಾರ ಕಮ್ಮಿ, ಬಣ್ಣ ಜಾಸ್ತಿ. ಆ ಬಣ್ಣ ಲಿಪ್‌ಸ್ಟಿಕ್‌ವರೆಗೂ ಹೋಗುತ್ತೆ. ನಾವೂ ಡಿಗ್ರಿ ಮುಗಿಸಿ ಬೆಂಗಳೂರಿಗೆ ಹೋಗೋರೇ. ಆಮೇಲೆ ಹಬ್ಬಕ್ಕೆ ಬಂದು ಹೋಗೋ ಪ್ರವಾಸಿಗರಾಗ್ತೀವಿ ಅನ್ನೋದೇ ಭಯ. ಅದಕ್ಕೆ ಮುಂಚೆ ಈ ಕೆಂಪನ್ನ, ಚೀಲ ಹೊರೋ ಹಮಾಲರಿಗೆ ಗೊತ್ತಿರೋ ಹಾಗೆ, ಒಮ್ಮೆ ತಿಳ್ಕೋಬೇಕು.