ಕೊನೆಯವರ ಜೊತೆ

ಮಂಡಿ ನೋವು ಅಂದರೆ ಸಾಕು, ನಮ್ಮ ಮೈಸೂರಿನಲ್ಲಿ ಸಲಹೆಗೆ ಬರವಿಲ್ಲ. ಪಕ್ಕದ ಮನೆಯವರು ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿ ಅಂತಾರೆ, ಸೊಪ್ಪಿನವಳು ಲಕ್ಕಿಸೊಪ್ಪಿನ ಶಾಖ ಕೊಡಿ ಅಂತಾಳೆ. ಎರಡನ್ನೂ ಮಾಡಿದ್ದೇನೆ, ಎರಡರಿಂದಲೂ ಹಾಯೆನಿಸಿದೆ. 'ಇನ್ನು ಈ ಓಟಗೀಟ ಬಿಟ್ಟು ಆರಾಮಾಗಿ ಮನೆಯಲ್ಲಿರಿ' ಅನ್ನುವ ಮಾತನ್ನು ಮಾತ್ರ ಒಪ್ಪಲಾಗಲಿಲ್ಲ. ಬಲ ಮಂಡಿ ಸವೆದಿರುವುದು ನಿಜ. ಬೆಳಿಗ್ಗೆ ಮಹಡಿಯಿಂದ ಇಳಿಯುವಾಗ ಕಂಬಿ ಹಿಡಿದು, ಪ್ರತಿ ಮೆಟ್ಟಿಲಲ್ಲೂ ಎರಡು ಕಾಲನ್ನೂ ಕೂಡಿಸಿ ನಿಂತು ಇಳಿಯುತ್ತೇನೆ. ಅದೇ ಕಾಲುಗಳಲ್ಲಿ ಭಾನುವಾರ ಕುಕ್ಕರಹಳ್ಳಿ ಕೆರೆಗೆ ಹೋಗಿ ನಮ್ಮ ಓಟದ ಗುಂಪನ್ನು ಸೇರಿಕೊಳ್ಳುತ್ತೇನೆ. ನಡುವೆ ದೊಡ್ಡ ಬಿಡುವು ಬಿದ್ದಿತ್ತು. ಈಗ ಮತ್ತೆ ಹೋಗುವಂತಾಗಿದೆ ಅನ್ನುವುದೇ ಒಂದು ಹಬ್ಬ.

ನನಗೆ ವ್ಯಾಯಾಮ ಹೇಳಿಕೊಟ್ಟ ಫಿಸಿಯೋ ಒಂದು ಸಂಗತಿ ತಿಳಿಸಿದರು. ಎಲುಬಿನ ತುದಿಯನ್ನು ಮುಚ್ಚಿರುವ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲವಂತೆ. ಕೀಲಿನೊಳಗಿನ ದ್ರವವೇ ಅದಕ್ಕೆ ಆಹಾರ. ಭಾರ ಬಿದ್ದಾಗ ಸ್ಪಂಜಿನ ಹಾಗೆ ಹಿಂಡಿಕೊಳ್ಳುತ್ತದೆ, ಭಾರ ತೆಗೆದಾಗ ಮತ್ತೆ ಹೀರಿಕೊಳ್ಳುತ್ತದೆ. ಅಲುಗಾಡದೆ ಕೂತರೆ ಅದಕ್ಕೆ ಊಟವೇ ಸರಿಯಾಗಿ ಸಿಗದು. ಸವೆದದ್ದು ಮತ್ತೆ ಬೆಳೆಯುವುದಿಲ್ಲ, ಅದನ್ನೂ ಅವರು ಮುಚ್ಚಿಡಲಿಲ್ಲ. ಆದರೆ ತೊಡೆಯ ಸ್ನಾಯು ಗಟ್ಟಿಯಾದರೆ ಮಂಡಿಯ ಹೊರೆಯಲ್ಲಿ ಒಂದಿಷ್ಟನ್ನು ಅದೇ ಹೊರುತ್ತದೆ. ಹವ್ಯಾಸಕ್ಕೆ ಓಡುವವರಲ್ಲಿ ಮಂಡಿ, ಸೊಂಟದ ಕೀಲುಸವೆತ ಕೂತೇ ಇರುವವರಿಗಿಂತ ಕಡಿಮೆ, ಸ್ಪರ್ಧೆಗೆಂದೇ ಓಡುವವರಲ್ಲಿ ಹೆಚ್ಚು ಎಂದು 2017ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದವರು ಬರೆದಿದ್ದಾರೆ. ಎಷ್ಟು ಓಡಬೇಕು, ಹೇಗೆ ಓಡಬೇಕು ಅನ್ನುವುದರಲ್ಲೇ ಎಲ್ಲ ಇದೆ.

ಅನುಮತಿಯೇನೋ ಸಿಕ್ಕಿತು. ಮೊದಲು ಒಬ್ಬಳೇ ಓಡಿದೆ. ಒಬ್ಬಳೇ ಇದ್ದಾಗ ಕಿವಿಯೆಲ್ಲ ಮಂಡಿಯ ಮೇಲೆ. ಈಗ ಕಟಕ್ ಅಂತಾ? ಈಗ ಚುಚ್ಚಿತಾ? ಸುತ್ತ ಏನಿದೆ ಅನ್ನುವುದೂ ಕಾಣದು. ಗುಂಪಿಗೆ ಹೋಗಲು ಆಸೆ, ಆದರೆ ಹಿಂಜರಿಕೆ. ನನ್ನಿಂದ ಇನ್ನೊಬ್ಬರಿಗೆ ತಡವಾಗಬಾರದು ಅನ್ನುವ ಸಂಕೋಚ ನಮ್ಮ ಕಾಲದ ಹೆಂಗಸರಲ್ಲಿ ಬಲು ಆಳ. ನೋವಿಗಿಂತ ಹೆಚ್ಚು ಕಾಲ ನನ್ನನ್ನು ಮನೆಯಲ್ಲಿ ಉಳಿಸಿದ್ದು ಆ ಸಂಕೋಚವೇ.

ಅದನ್ನು ಕಳೆದದ್ದು ಗುಂಪಿನ ಒಂದು ಪದ್ಧತಿ. ಮುಂದಿರುವ ಹುಡುಗರು ಒಂದಷ್ಟು ದೂರ ಓಡಿದ ಮೇಲೆ ನಿಂತು ಕಾಯುವುದಿಲ್ಲ. ತಿರುಗಿ ನಮ್ಮತ್ತಲೇ ಓಡಿಬರುತ್ತಾರೆ. ಎಲ್ಲರಿಗಿಂತ ಹಿಂದಿರುವವರನ್ನು ಬಳಸಿಕೊಂಡು ಮತ್ತೆ ಮುಂದಕ್ಕೆ. ಅವರ ಲೆಕ್ಕಕ್ಕೆ ಒಂದೆರಡು ಕಿಲೋಮೀಟರ್ ಹೆಚ್ಚು ಸೇರುತ್ತದೆ, ನಮ್ಮ ಪಕ್ಕಕ್ಕೆ ಮತ್ತೆ ಮತ್ತೆ ಜನ ಬರುತ್ತಾರೆ. ಯಾರೂ ಕಾಯಬೇಕಿಲ್ಲ, ಯಾರನ್ನೂ ಬಿಟ್ಟು ಹೋಗಬೇಕಿಲ್ಲ. ಹೀಗೆ ತಿರುಗಿ ಬಂದವರು ಒಂದು ಗಳಿಗೆ ನಮ್ಮ ವೇಗಕ್ಕೆ ಇಳಿದು, 'ಹೇಗಿದೆ ಮೇಡಂ ಮಂಡಿ?' ಎಂದು ಕೇಳಿಯೇ ಹೋಗುವುದು. ಯಾವ ಓಟದ ಗುಂಪನ್ನಾದರೂ ನಾನು ಅಳೆಯುವುದು ಅದರ ಹಿಂಭಾಗವನ್ನು ನೋಡಿ. ಮುಂದಿರುವವರು ಎಲ್ಲ ಕಡೆಯೂ ಚೆನ್ನಾಗಿಯೇ ಓಡುತ್ತಾರೆ.

ಲಂಡನ್ನಿನ ಬುಷಿ ಪಾರ್ಕಿನಲ್ಲಿ ಹುಟ್ಟಿದ ಪಾರ್ಕ್‌ರನ್ ಬಗ್ಗೆ ಓದಿದಾಗ ನನಗೆ ತುಂಬ ಆಪ್ತವೆನಿಸಿತು. ಅದನ್ನು ಶುರು ಮಾಡಿದ ಪಾಲ್ ಸಿಂಟನ್-ಹೆವಿಟ್ ಆಗ ಗಾಯವಾಗಿ ಓಡಲಾಗದೆ ಇದ್ದವರು. ಓಟ ತಪ್ಪಿದರೂ ಓಟದ ಗೆಳೆಯರು ತಪ್ಪಬಾರದೆಂದು, 2004ರ ಅಕ್ಟೋಬರ್ 2ರಂದು ಎಲ್ಲರನ್ನೂ ಕರೆದು 5 ಕಿಲೋಮೀಟರ್ ಓಡಿಸಿದರು, ತಾವು ಸಮಯ ಬರೆದುಕೊಂಡರು. ಅಂದು ಓಡಿದವರು 13 ಮಂದಿ. ಇಂದು ಎಷ್ಟೋ ದೇಶಗಳಲ್ಲಿ ಪ್ರತಿ ಶನಿವಾರ ಅದು ನಡೆಯುತ್ತದೆ. ಅಲ್ಲಿ ಎಲ್ಲರಿಗಿಂತ ಹಿಂದೆ ನಡೆಯುವುದಕ್ಕೆಂದೇ ಒಬ್ಬ ಸ್ವಯಂಸೇವಕರು ಇರುತ್ತಾರೆ, ಬಂದವರಲ್ಲಿ ಯಾರೂ ಕೊನೆಯವರಾಗದಿರಲಿ ಎಂದು. ಓಡಲಾಗದವನೊಬ್ಬ ಕಟ್ಟಿದ ಓಟದಲ್ಲಿ ಇಂಥ ವ್ಯವಸ್ಥೆ ಇರುವುದು ಸಹಜವೇ.

ನಾನು ಓಡುವುದು ಎರಡು ನಿಮಿಷ, ನಡೆಯುವುದು ಒಂದು ನಿಮಿಷ. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ 10,000 ಮೀಟರ್ ಓಡಿದ ಅಮೆರಿಕದ ಜೆಫ್ ಗ್ಯಾಲೋವೇ ಮುಂದೆ ಹೊಸಬರಿಗೆ ಓಟ ಕಲಿಸುವಾಗ ರೂಢಿಗೆ ತಂದ ಕ್ರಮ ಇದು. ಸುಸ್ತಾದ ಮೇಲೆ ನಡೆಯುವುದಲ್ಲ, ಸುಸ್ತಾಗುವ ಮೊದಲೇ ನಡೆಯುವುದು. ಮೊದಮೊದಲು ಅದು ಒಗ್ಗಲಿಲ್ಲ, ಕಾಲು ಇನ್ನೂ ಓಡು ಅನ್ನುತ್ತಿರುವಾಗ ವಾಚು ಕೀ ಅಂದರೆ ಬೇಸರ. ಈಗ ಆ ಒಂದು ನಿಮಿಷಕ್ಕಾಗಿಯೇ ಕಾಯುತ್ತೇನೆ, ಯಾಕೆಂದರೆ ಕೆರೆ ಕಾಣುವುದು ಆಗಲೇ. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1864ರಲ್ಲಿ ಆದ ಕೆರೆ. ಕುವೆಂಪು ಅವರು ಅಡ್ಡಾಡಿದ ದಂಡೆ. ಒಂದು ಸುತ್ತು ಐದು ಕಿಲೋಮೀಟರಿನ ಆಸುಪಾಸು, ಬಹುಪಾಲು ಮಣ್ಣಿನ ದಾರಿ. ಡಾಂಬರಿನ ಮೇಲೆ ಓಡುವಾಗ ಬರುವ ಟಪಟಪ ಸದ್ದು ಇಲ್ಲಿಲ್ಲ. ನಾಲ್ಕೈದು ಜನ ಜೊತೆಯಾಗಿ ಓಡುತ್ತಿದ್ದರೆ ಸ್ವಲ್ಪ ಹೊತ್ತಿಗೆ ಹೆಜ್ಜೆಗಳು ತಾವಾಗಿ ಒಂದಾಗುತ್ತವೆ. ಯಾರೂ ಹೇಳಿರುವುದಿಲ್ಲ, ಯಾರೂ ಪ್ರಯತ್ನಿಸಿರುವುದೂ ಇಲ್ಲ. ಆ ಒಂದೇ ಸದ್ದಿನೊಳಗೆ ನನ್ನ ಬಲಗಾಲಿನ ತಡವರಿಕೆಯೂ ಸೇರಿಹೋಗುತ್ತದೆ.

ಹೆಜ್ಜಾರ್ಲೆಗಳನ್ನು ನೋಡುವುದೂ ಆ ನಡಿಗೆಯ ನಿಮಿಷದಲ್ಲೇ. ಅಷ್ಟು ದೊಡ್ಡ ಹಕ್ಕಿ ನೀರಿನಿಂದ ಏಳಬೇಕಾದರೆ ಸುಮ್ಮನೆ ಎದ್ದುಬಿಡಲಾಗದು. ರೆಕ್ಕೆ ಬಡಿಯುತ್ತ, ಎರಡು ಪಾದಗಳನ್ನೂ ನೀರಿಗೆ ಒದೆಯುತ್ತ ಒಂದಷ್ಟು ದೂರ ಸಾಗಿಯೇ ಮೇಲೇಳಬೇಕು. ಪಾದ ಬಿದ್ದ ಕಡೆಯಲ್ಲೆಲ್ಲ ನೀರು ಚಿಮ್ಮುತ್ತದೆ. ಒಮ್ಮೆ ಗಾಳಿ ಹಿಡಿದ ಮೇಲೆ ಅದರ ಸರಾಗವೇ ಸರಾಗ. ವೇಗವಾಗಿ ಓಡುತ್ತಿದ್ದ ದಿನಗಳಲ್ಲಿ ಇದೇ ಏರಿಯ ಮೇಲೆ ಎಷ್ಟೋ ಸುತ್ತು ಹೊಡೆದಿದ್ದೇನೆ. ಇದನ್ನು ಪೂರ್ತಿಯಾಗಿ ನೋಡಿದ್ದು ಈಗ.

ಹಿಂದಿನ ಸಾಲಿನ ಮಾತೂ ಬೇರೆಯೇ. ಮುಂದೆ ಓಡುವವರದು ಪೇಸು, ಬಿಬ್ಬು, ಮುಂದಿನ ಹಾಫ್ ಮ್ಯಾರಥಾನು. ನಮ್ಮದು ಸಕ್ಕರೆ ಕಾಯಿಲೆಗೆಂದು ಓಟ ಹಿಡಿದ ಬ್ಯಾಂಕಿನವರ ಮಗಳ ಮದುವೆ, ಬಾಣಂತನ ಮುಗಿಸಿ ಬಂದ ಹುಡುಗಿಯ ನಿದ್ದೆಗೆಟ್ಟ ರಾತ್ರಿ, ಸ್ಟೆಂಟ್ ಹಾಕಿಸಿಕೊಂಡವರೊಬ್ಬರು ಹಿತ್ತಲಲ್ಲಿ ಬೆಳೆಸಿದ ವೀಳ್ಯದೆಲೆ. ಮಾತಾಡಲು ಆಗುವಷ್ಟೇ ವೇಗದಲ್ಲಿ ಓಡಿ ಎಂದು ಕಲಿಸುವವರೂ ಹೇಳುತ್ತಾರೆ. ಉಸಿರು ಕಟ್ಟಿ ವಾಕ್ಯ ತುಂಡಾದರೆ ವೇಗ ಹೆಚ್ಚಾಯಿತು ಅಂತಲೇ ಲೆಕ್ಕ. ಈ ಪರೀಕ್ಷೆಯಲ್ಲಿ ನಮ್ಮ ಸಾಲು ಪ್ರತಿ ವಾರವೂ ಪಾಸು.

ನೋವು ಹೋಗಿಲ್ಲ, ಹೋಗುವುದೂ ಇಲ್ಲ. ಓಡಿದ ಸಂಜೆ ಮಂಡಿ ಬಿಸಿಯಾಗುತ್ತದೆ, ಬಟ್ಟೆಯಲ್ಲಿ ಐಸ್ ಸುತ್ತಿ ಇಡುತ್ತೇನೆ. ಮಾರನೆಯ ದಿನಕ್ಕೂ ಊತ ಉಳಿದರೆ ಆ ವಾರ ಓಟವಿಲ್ಲ. ಹಾಗೆ ತಪ್ಪಿಸಿಕೊಂಡ ಭಾನುವಾರ ಕೆರೆಯ ಗೇಟಿನ ಹತ್ತಿರ ನೀರಿನ ಬಾಟಲಿ, ಬಾಳೆಹಣ್ಣು ಹಿಡಿದು ನಿಲ್ಲುತ್ತೇನೆ. ಅದೂ ಓಟಕ್ಕೆ ಹೋದ ಹಾಗೆಯೇ.

ಬರುವ ಭಾನುವಾರ ಚಾಮುಂಡಿ ಬೆಟ್ಟ, ಸಾವಿರ ಮೆಟ್ಟಿಲು. ನಿಧಾನಕ್ಕೆ ಹತ್ತಲು ನನ್ನ ಮಂಡಿಯ ತಕರಾರಿಲ್ಲ, ನಂದಿಯ ಹತ್ತಿರ ಒಮ್ಮೆ ಕೂತೆದ್ದರಾಯಿತು. ಇಳಿಯುವುದೇ ಕಷ್ಟ. ಪ್ರತಿ ಮೆಟ್ಟಿಲಲ್ಲೂ ಮೈಭಾರವನ್ನೆಲ್ಲ ಮಡಿಸಿದ ಮಂಡಿಯ ಮೇಲೆ ತಡೆದು ಹಿಡಿಯಬೇಕು. 'ನಾನು ಇಳಿಯೋದು ಬಸ್ಸಲ್ಲಪ್ಪ' ಎಂದು ಗುಂಪು ನಡೆಸುವ ಹುಡುಗನಿಗೆ ಮೊದಲೇ ಹೇಳಿಟ್ಟೆ.

'ಸರಿ ಮೇಡಂ, ನಾನೂ ಬಸ್ಸಲ್ಲೇ ಬರ್ತೀನಿ.'

'ನಿನಗ್ಯಾಕೆ? ನೀನು ಓಡಿಕೊಂಡು ಇಳಿಯೋನು.'

'ಕೊನೆಯವರ ಜೊತೆ ಇರೋದು ಈ ವಾರ ನನ್ನ ಪಾಳಿ.'

'ಹಾಗಾದ್ರೆ ನನಗೆ ಶಕ್ತಿ ಟಿಕೆಟ್ ಇದೆ, ನಿನ್ನ ಟಿಕೆಟ್ ನಾನು ತಗೋತೀನಿ' ಅಂದೆ.